ಯಲಬುರ್ಗಾದ ದೋಣಿ, ನಮ್ಮನೆಯ ಸೋಮವಾರ

ಹೋದ ತಿಂಗಳು ರಜೆಗೆ ಬಂದಿದ್ದಾಗ ಸಮವಸ್ತ್ರದ ಪ್ಯಾಂಟಿನ ಸೊಂಟ ಸಡಿಲ ಮಾಡಿಸಲೆಂದು ಕೊಪ್ಪಳದ ಒಂದು ಟೇಲರ್ ಅಂಗಡಿಗೆ ಹೋಗಿದ್ದೆ. ಸಡಿಲ ಯಾಕೆ ಬೇಕಾಯಿತು ಎಂಬ ಮಾತು ಇಲ್ಲಿ ಬೇಡ. ಟೇಲರು ‘ಕುಂದರ್‍ರಿ ಮೇಡಂ, ಐದು ನಿಮಿಷ’ ಎಂದು, ಉದ್ದ ಮೂತಿಯ ಬುಡ್ಡಿ ತೆಗೆದು ಹೊಲಿಗೆ ಮಷೀನಿಗೆ ಎಣ್ಣೆ ಬಿಡತೊಡಗಿದ. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನನ್ನ ಎರಡೂ ಕಾಲು ತಾವಾಗಿಯೇ ಬಿಗಿದುಕೊಂಡವು. ಸೊಂಟ ನೆಟ್ಟಗಾಯಿತು. ಟೇಲರು ನನ್ನನ್ನು ವಿಚಿತ್ರವಾಗಿ ನೋಡಿದ. ಹೊಲಿಗೆ ಮಷೀನಿನ ಎಣ್ಣೆ ಮೂಸಿ ಯುದ್ಧಕ್ಕೆ ನಿಂತವಳಂತೆ ಕೂತ ಹೆಂಗಸನ್ನು ಅವನು ಅದಕ್ಕೆ ಮೊದಲು ಕಂಡಿರಲಿಕ್ಕಿಲ್ಲ.

ಅದೇ ಎಣ್ಣೆಯನ್ನು ಮಾಬುಸಾಬ ಕಾಕಾ ತಮ್ಮ ದೋಣಿಯ ಸರಪಳಿಗೆ ಹಾಕುತ್ತಿದ್ದರು. ದೋಣಿ ಎಂದರೆ ನೀರ ಮೇಲಿನದಲ್ಲ. ಯಲಬುರ್ಗಾದಂಥ ಎರೆ ನೆಲದ ಊರಲ್ಲಿ ದೋಣಿ ಬಿಡಲು ನೀರಾದರೂ ಎಲ್ಲಿಂದ ಬರಬೇಕು? ಅದು ಕುಳಿತಲ್ಲೇ ಹುಟ್ಟು ಹಾಕುವ ವ್ಯಾಯಾಮದ ಯಂತ್ರ. ಒಂದು ಉದ್ದ ಕಬ್ಬಿಣದ ಪಟ್ಟಿ, ಅದರ ಮೇಲೆ ಹಿಂದೆ ಮುಂದೆ ಜಾರುವ ಪುಟ್ಟ ಮಣೆ, ಪಾದ ಕಟ್ಟಿಕೊಳ್ಳಲು ಎರಡು ಪಟ್ಟಿ, ಎದುರಿಗೆ ದೊಡ್ಡದೊಂದು ಫ್ಯಾನು. ಹಿಡಿ ಹಿಡಿದು ಜಗ್ಗಿದರೆ ಸರಪಳಿ ಎಳೆದುಕೊಂಡು ಬಂದು ಫ್ಯಾನು ತಿರುಗುತ್ತದೆ. ಎಷ್ಟು ಜೋರಾಗಿ ಜಗ್ಗುತ್ತೀರೋ ಅಷ್ಟು ಭಾರವಾಗುತ್ತದೆ. ಕರೆಂಟು ಬೇಡ. ಆ ಕಾಲದ ಯಲಬುರ್ಗಾದಲ್ಲಿ ಅದೊಂದೇ ಗುಣ ಸಾಕಾಗಿತ್ತು ಅದು ಬದುಕಿ ಉಳಿಯಲು.

ಕಾಕಾ ಹುಲಿಹೈದರದವರು. ಸೈನ್ಯದಲ್ಲಿ ಹವಾಲ್ದಾರರಾಗಿದ್ದು ನಿವೃತ್ತರಾದ ಮೇಲೆ ಯಲಬುರ್ಗಾದ ಒಂದು ಹಳೇ ಹತ್ತಿ ಗೋದಾಮನ್ನು ಬಾಡಿಗೆ ಹಿಡಿದು ಜಿಮ್ ನಡೆಸುತ್ತಿದ್ದರು. ಸೈನ್ಯದಲ್ಲಿದ್ದಾಗ ತಮ್ಮ ದಳದ ಪರವಾಗಿ ದೋಣಿ ಸ್ಪರ್ಧೆಗಳಲ್ಲಿ ಹುಟ್ಟು ಹಾಕಿದವರು. ಹೊಳೆದಂಡೆಯ ವಿರೂಪಾಪುರಗಡ್ಡೆಯಲ್ಲಿ ಪರದೇಶದವರು ಇಳಿದುಕೊಳ್ಳುತ್ತಿದ್ದ ಒಂದು ವಸತಿಗೃಹದವರು ಈ ಯಂತ್ರ ತುಕ್ಕು ಹಿಡಿಯಿತೆಂದು ಗುಜರಿಗೆ ಹಾಕಲು ಹೊರಟಾಗ, ಕಾಕಾ ಗೂಡ್ಸ್ ಗಾಡಿ ತೆಗೆದುಕೊಂಡು ಹೋಗಿ ಎತ್ತಿ ತಂದಿದ್ದರಂತೆ. ಊರ ಜನಕ್ಕೆ ಅದು ದೊಡ್ಡ ತಮಾಷೆ. ‘ಏನ್ ಕಾಕಾ, ಇವತ್ತು ಯಾವ ದಂಡಿಗೆ ಮುಟ್ಟಿದ್ರಿ?’ ಎಂದು ಬಾಗಿಲಲ್ಲಿ ನಿಂತು ಕೇಳುವವರಿಗೇನೂ ಕೊರತೆಯಿರಲಿಲ್ಲ.

ನಾನು ಆ ದೋಣಿ ಹತ್ತಿದ್ದು ಅಳುತ್ತಾ. ಆಗ ನಾನು ಕೇಂದ್ರ ಪಡೆಯ ಕಾನ್‌ಸ್ಟೇಬಲ್ ಕೆಲಸದ ಲಿಖಿತ ಪರೀಕ್ಷೆ ಪಾಸಾಗಿದ್ದೆ. ಉಳಿದದ್ದು ಓಟ: ಮೈದಾನ ನಾಲ್ಕು ಸುತ್ತು, ಎಂಟೂವರೆ ನಿಮಿಷದೊಳಗೆ. ಅದರಲ್ಲಿ ಬಿದ್ದರೆ ಮತ್ತೊಮ್ಮೆ ಅರ್ಜಿ ಹಾಕುವಷ್ಟರಲ್ಲಿ ನನ್ನ ವಯಸ್ಸು ಮೀರಿರುತ್ತಿತ್ತು. ಆಮೇಲೆ ಇದೇ ಹೊಲ, ಇಲ್ಲವೆಂದರೆ ಮದುವೆಯಾಗಿ ಇನ್ನೊಬ್ಬರ ಹೊಲ. ಹೊಲದ ಮೇಲೆ ನನಗೆ ಸಿಟ್ಟಿರಲಿಲ್ಲ, ಆದರೆ ನನ್ನ ಹೆಸರಿನ ಪಟ್ಟಿ ಎದೆಯ ಮೇಲೆ ಹೊಲಿಸಿಕೊಳ್ಳಬೇಕೆಂಬ ಆಸೆ ಸಾಲಿ ಕಲಿಯುವಾಗಿನಿಂದ ಇತ್ತು. ಹಾಗಾಗಿ ನಮ್ಮೂರಿಂದ ಯಲಬುರ್ಗಾದ ಕಡೆಗೆ ಹೋಗುವ ಡಾಂಬರು ರಸ್ತೆಯ ಮೇಲೆ ಸಾಲಿಯ ಬಿಳಿ ಕ್ಯಾನ್ವಾಸ್ ಬೂಟು ಹಾಕಿಕೊಂಡು ದಿನಾ ಓಡಿದೆ. ಒಂದು ದಿನವೂ ಬಿಡದೆ ಓಡಿದೆ. ಮೊಣಕಾಲ ಕೆಳಗೆ, ಮುಂದಿನ ಎಲುಬಿನಲ್ಲಿ ನೋವು ಶುರುವಾದರೂ ಓಡಿದೆ. ಕೊನೆಗೆ ಬಸ್ಸಿನ ಮೆಟ್ಟಿಲು ಹತ್ತಲಾಗದೆ ನಿಂತಾಗ ಅಪ್ಪ ಕೊಪ್ಪಳದ ಡಾಕ್ಟರ ಬಳಿ ಕರೆದೊಯ್ದ.

‘ಎಲುಬಿನಾಗ ಕೂದಲೆಳಿಯಷ್ಟು ಸೀಳು ಬಿಟ್ಟೈತಿ. ಓಡೂದು ಬಂದ್ ಮಾಡ್ರಿ. ನಾ ಹೇಳೂತನ ಒಂದ್ ಹೆಜ್ಜಿ ಓಡಬ್ಯಾಡ್ರಿ,’ ಎಂದರು ಡಾಕ್ಟರು.

ಓಟದ ಪರೀಕ್ಷೆಗೆ ಉಳಿದದ್ದು ಒಂದು ಮಳೆಗಾಲ ಮಾತ್ರ. ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿಕೊಂಡು ಅತ್ತೆ. ಯಲಬುರ್ಗಾ ಬಂದಾಗ ಅಪ್ಪ ‘ಇಳಿ’ ಎಂದು, ನಮ್ಮೂರ ಬಸ್ಸು ಹತ್ತಿಸುವ ಬದಲು ನೆಟ್ಟಗೆ ಆ ಗೋದಾಮಿಗೆ ಕರೆದೊಯ್ದ. ಅಪ್ಪನಿಗೆ ಸೈನ್ಯದಲ್ಲಿದ್ದವರೆಂದರೆ ವಿಪರೀತ ನಂಬಿಕೆ. ದನದ ಸಂತೆಯಲ್ಲೂ ಅವರ ಮಾತು ಕೇಳಿಯೇ ಎತ್ತು ಹಿಡಿಯುವವನು.

ಕಾಕಾ ಡಾಕ್ಟರ ಚೀಟಿ ಓದಿ, ನನ್ನ ಕಾಲು ನೋಡಿ, ಆಮೇಲೆ ನನ್ನ ಬೂಟು ನೋಡಿ ಹಣೆ ಬಡಿದುಕೊಂಡರು.

‘ನೋಡು ಬೇಟಿ, ಮೂರನೇ ಸುತ್ತಿನಾಗ ಮೊದ್ಲು ಕೈ ಕೊಡೂದು ಕಾಲಲ್ಲ, ದಮ್ಮು. ಕಾಲು ಆರಾಮ ಆಗೂತನ ದಮ್ಮು ಇಲ್ಲಿ ಕೂಡಿಡೋಣು. ಇದರಾಗ ಎಲುಬಿಗೆ ಪೆಟ್ಟು ಬೀಳೂದಿಲ್ಲ. ಮೊದ್ಲ ಡಾಕ್ಟರಿಗೆ ಫೋನ್ ಹಚ್ಚಿ ಕೇಳ್ರಿ ಯಜಮಾನ್ರ, ಅವ್ರು ಹೂಂ ಅಂದ್ರ ನಾಳಿಂದ ಕಳಸ್ರಿ.’

ಡಾಕ್ಟರು ಹೂಂ ಅಂದರು. ಜೂನಿನ ಮಿರಗದ ಮಳೆ ಬಿದ್ದು ಊರವರೆಲ್ಲ ಹೆಸರುಕಾಳು ಬಿತ್ತುವ ಗಡಿಬಿಡಿಯಲ್ಲಿದ್ದಾಗ ನಾನು ಬೆಳಗಿನ ಮೊದಲ ಬಸ್ಸಿಗೆ ಯಲಬುರ್ಗಾಕ್ಕೆ ಹೋಗಿ ದೋಣಿ ಹತ್ತತೊಡಗಿದೆ.

ಮೊದಲ ವಾರ ಬರೀ ಬೈಗುಳ. ನಾನು ಮಣೆಯ ಮೇಲೆ ಕುಳಿತು ತೋಳಿನಿಂದ ಸರಪಳಿ ಸೇದುತ್ತಿದ್ದೆ. ನಮ್ಮ ಕಡೆ ಹೆಣ್ಣುಮಕ್ಕಳಿಗೆ ಜಗ್ಗುವುದೆಂದರೆ ಅದೇ ಗೊತ್ತು. ‘ಅದೇನ್ ಬಾವ್ಯಾಗಿನ ಕೊಡ ಏನು? ಕಾಲಿಲೆ ನೂಕು! ಮೊದ್ಲ ಕಾಲು, ಆಮ್ಯಾಲ ಬೆನ್ನು, ಕಡೀಕ ಕೈ. ಬರೂ ಮುಂದ ಉಲ್ಟಾ!’ ಎಂದು ಕಾಕಾ ಕೂಗುವಾಗ ಆಚೆ ರಸ್ತೆಯಲ್ಲಿ ಹೋಗುವವರು ನಿಂತು ಕೇಳುತ್ತಿದ್ದರು. ಫ್ಯಾನು ತಿರುಗಿದರೆ ಗೋದಾಮಿನ ಸಂದಿಗಳಲ್ಲಿ ವರ್ಷಗಳಿಂದ ಅಡಗಿದ್ದ ಹತ್ತಿಯ ಎಳೆಗಳೆಲ್ಲ ಎದ್ದು ಹಾರಾಡಿ ನನ್ನ ಬೆವರಿದ ಮುಖಕ್ಕೆ ಅಂಟಿಕೊಳ್ಳುತ್ತಿದ್ದವು. ಮನೆಗೆ ಬಂದರೆ ಅವ್ವ ‘ಗಾದಿ ಹೊಲ್ಯಾಕ ಹೋಗಿದ್ದೇನು?’ ಎಂದು ಕೇಳುತ್ತಿದ್ದಳು.

ಕೈಕಾಲು ಕೂಡಿಬಂದ ಮೇಲೆ ನಿಜವಾದ ತಾಲೀಮು ಶುರುವಾಯಿತು. ಒಂದು ನಿಮಿಷ ಜೋರು, ಒಂದು ನಿಮಿಷ ಹಗುರ. ಮತ್ತೆ ಜೋರು, ಮತ್ತೆ ಹಗುರ. ಜೋರು ಎಂದರೆ ಕಣ್ಣು ಕತ್ತಲೆ ಬರುವಷ್ಟು ಜೋರು. ಕೇಳಲು ಸುಲಭ ಅನಿಸುವ ಹಗುರದ ನಿಮಿಷವೇ ನನಗೆ ಹೆಚ್ಚು ಕಷ್ಟವಾಯಿತು. ನಿಲ್ಲಿಸುವ ಹಾಗಿಲ್ಲ, ಮಲಗಿದ ಹಾಗೆ ಮೆಲ್ಲಗೆ ಜಗ್ಗುತ್ತಾ ಉಸಿರನ್ನು ಕೆಳಗಿಳಿಸಬೇಕು. ನಾನು ಕಳ್ಳತನದಿಂದ ಹಗುರದಲ್ಲೂ ಜೋರು ಮಾಡುತ್ತಿದ್ದೆ, ಹೆಚ್ಚು ಜಗ್ಗಿದರೆ ಹೆಚ್ಚು ಬರುತ್ತದೆಂದು ತಿಳಿದು. ಕಾಕಾ ಫ್ಯಾನಿನ ಸದ್ದಿನಿಂದಲೇ ಹಿಡಿಯುತ್ತಿದ್ದರು.

‘ಹಗುರ ಅಂದ್ರ ಹಗುರ. ಮೈಯಾಗ ತಾಕತ್ತು ಬರೂದು ಜಗ್ಗೂ ಮುಂದ ಅಲ್ಲ ಬೇಟಿ, ಬಿಟ್ಟಾಗ ಬರತೈತಿ. ವಾರದಾಗ ಒಂದಿನ ಪೂರಾ ರಜಾ. ಯಾವ ದಿನ ಬೇಕು ಹೇಳು.’

ಅಂದು ನನ್ನ ಜೊತೆ ಬಂದಿದ್ದ ಅಪ್ಪ ಅಲ್ಲೇ ಬಾಗಿಲಲ್ಲಿ ಕೂತಿದ್ದ. ‘ಸೋಮವಾರ ಇಡ್ರಿ ಮಾಬುಸಾಬ್ರ. ಎತ್ತಿಗೂ ಅವತ್ತ ಸೂಟಿ’ ಎಂದ.

ಕಾಕಾ ಒಪ್ಪಿ ನಕ್ಕರು. ನಮ್ಮ ಕಡೆ ಸೋಮವಾರ ಎತ್ತು ಹೂಡುವುದಿಲ್ಲ. ಬಸವಣ್ಣನ ವಾರ. ಎಂಥ ಹದ ಮಳೆ ಬಿದ್ದಿರಲಿ, ಬಿತ್ತನೆ ತಪ್ಪಿಹೋಗುವಂತಿರಲಿ, ಸೋಮವಾರ ಎತ್ತಿನ ಹೆಗಲ ಮೇಲೆ ನೊಗ ಇಡುವವನನ್ನು ಊರು ಮಾತಾಡಿಸುವುದಿಲ್ಲ. ಅಂದು ಎತ್ತುಗಳ ಮೈ ತೊಳೆದು, ಹಣೆಗೆ ವಿಭೂತಿ ಹಚ್ಚಿ, ಬೇವಿನ ಮರದಡಿ ಕಟ್ಟುತ್ತಾರೆ. ಅವು ಇಡೀ ದಿನ ಮೆಲುಕು ಹಾಕುತ್ತಾ ಮಲಗಿರುತ್ತವೆ. ನನಗೂ ಅದೇ ದಿನ ಸಿಕ್ಕಿದ್ದು ಸರಿಯಾಗಿಯೇ ಇದೆ ಅನಿಸಿತು.

ಇನ್ನೊಂದು ಹುಚ್ಚು ಕೆಲಸ ಹಚ್ಚಿದ್ದರು ಕಾಕಾ. ಬೆಳಿಗ್ಗೆ ಎಚ್ಚರವಾದ ಕೂಡಲೆ, ಹಾಸಿಗೆಯಲ್ಲಿ ಮಲಗಿಕೊಂಡೇ, ಮಣಿಕಟ್ಟಿನ ಮೇಲೆ ಬೆರಳಿಟ್ಟು ನಾಡಿ ಎಣಿಸಿ ಬಂದು ಹೇಳಬೇಕು. ನಾಡಿ ಮೆಲ್ಲಗಿದ್ದರೆ ಮೈ ಹಿಂದಿನ ದಿನದ ದಣಿವನ್ನು ಕಳೆದುಕೊಂಡಿದೆ ಎಂದರ್ಥ. ಓಡುತ್ತಿದ್ದರೆ ದಣಿವು ಇನ್ನೂ ಒಳಗೇ ಇದೆ. ಮೊದಲ ದಿನ ನಾನು ಹಾಗೆ ಮಲಗಿ ಬೆರಳಿಟ್ಟುಕೊಂಡಿದ್ದನ್ನು ನೋಡಿ ಅವ್ವ ಗಾಬರಿಯಾಗಿ ಹಣೆ ಮುಟ್ಟಿ ನೋಡಿದ್ದಳು. ‘ಜ್ವರಾ ಇಲ್ಲಲ್ಲವಾ, ಮತ್ಯಾಕ ನಾಡಿ ಹಿಡಕೊಂಡಿ?’ ಎಂದಳು. ಆಮೇಲೆ ಮನೆಮಂದಿಗೆಲ್ಲ ಅದು ರೂಢಿಯಾಯಿತು.

ಮೊದಲ ಮೂರು ನಾಲ್ಕು ವಾರ ಲೆಕ್ಕ ಸರಿಯಾಗಿ ನಡೆಯಿತು. ಜೋರಿನ ನಿಮಿಷ ಒಂದಿದ್ದದ್ದು ಎರಡಾಯಿತು. ಆಮೇಲೆ ನಿಂತುಹೋಯಿತು. ಫ್ಯಾನು ಮೊದಲಿನಷ್ಟು ತಿರುಗಲೊಲ್ಲದು, ತೊಡೆ ಕಲ್ಲಾಗುತ್ತಿತ್ತು, ನಿದ್ದೆಯಿಂದ ಎದ್ದರೂ ನಿದ್ದೆ. ಅದರಲ್ಲೂ ಮಂಗಳವಾರ ಬಂತೆಂದರೆ ನಾಡಿ ಕುದುರೆಯಂತೆ ಓಡುತ್ತಿತ್ತು. ರಜೆಯ ಮರುದಿನವೇ ಹಾಗೆ. ಕಾಕಾನ ಮುಖ ವಾರದಿಂದ ವಾರಕ್ಕೆ ಗಂಟಾಗುತ್ತಾ ಬಂತು. ಒಂದು ಮಂಗಳವಾರ ನಾನು ಎರಡನೆಯ ಜೋರಿನಲ್ಲೇ ಹಿಡಿ ಕೈಬಿಟ್ಟೆ. ಸರಪಳಿ ಸರ್ರನೆ ಹೋಗಿ ಫ್ಯಾನಿಗೆ ಬಡಿಯಿತು.

‘ಸೋಮವಾರ ಕದ್ದು ಓಡಾಕತ್ತಿ ನೀ,’ ಎಂದರು ಕಾಕಾ.

‘ಇಲ್ಲ ಕಾಕಾ. ಅವ್ವನಾಣಿ ಇಲ್ಲ.’

‘ಆಣಿ ಹಾಕಬ್ಯಾಡ. ನಾಡಿ ಸುಳ್ಳು ಹೇಳೂದಿಲ್ಲ. ಎಲುಬು ಮುರಕೊಂಡು ನನ್ನ ಹೆಸರು ಕೆಡಸಬ್ಯಾಡ, ನಾಳಿಂದ ಬರಬ್ಯಾಡ.’

ನನಗೆ ಬಂದ ಸಿಟ್ಟು ಇವತ್ತಿಗೂ ನೆನಪಿದೆ. ಮಾಡದ ತಪ್ಪಿಗೆ ಬೈಸಿಕೊಂಡ ಸಿಟ್ಟು ಒಂದು ಕಡೆ, ಮೈ ನನ್ನ ಮಾತು ಕೇಳದ ಸಿಟ್ಟು ಇನ್ನೊಂದು ಕಡೆ. ಟವೆಲ್ಲನ್ನು ಚೀಲಕ್ಕೆ ತುರುಕಿ, ‘ನಿಮ್ಮ ದೋಣಿ ನೀವ ಇಟಗೋರಿ’ ಎಂದು ಹೇಳಿ ಬಂದುಬಿಟ್ಟೆ. ಹಿರಿಯರಿಗೆ ಹಾಗೆ ಅಂದದ್ದು ಅದೇ ಮೊದಲು. ಒಂದು ವಾರ ಮನೆಯಲ್ಲೇ ಇದ್ದೆ. ಅಪ್ಪ ದಿನಾ ಬೆಳಿಗ್ಗೆ ಮೊದಲ ಬಸ್ಸು ಹೋಗುವ ಹೊತ್ತಿಗೆ ಅಂಗಳಕ್ಕೆ ಬಂದು ನಿಲ್ಲುತ್ತಿದ್ದ.

ಮುಂದಿನ ಸೋಮವಾರ ಮಧ್ಯಾಹ್ನ ಕಾಕಾ ನಮ್ಮೂರಿಗೆ ಬಂದರು. ಬಸ್ಸಿಳಿದು, ಯಾರಿಗೂ ಹೇಳದೆ, ಊರ ಮುಂದಿನ ರಸ್ತೆಯಲ್ಲಿ ನಾನು ಓಡುತ್ತಿರುವುದನ್ನು ಕೈಯಾರೆ ಹಿಡಿಯಬೇಕೆಂದೇ ಬಂದಿದ್ದರು. ಆಮೇಲೆ ಅವರೇ ಹೇಳಿದ್ದು. ರಸ್ತೆಯಲ್ಲಿ ನಾನು ಸಿಗಲಿಲ್ಲ. ಮನೆ ಕೇಳಿಕೊಂಡು ಬಂದು ಅಂಗಳದ ಬೇವಿನ ಕಟ್ಟೆಯ ಮೇಲೆ ಕುಳಿತರು. ಪಕ್ಕದಲ್ಲಿ ಎತ್ತುಗಳೆರಡೂ ಕಾಲು ಮಡಚಿ ಮಲಗಿದ್ದವು.

ನಾನು ಆಗ ಹೊಲದಿಂದ ಬರುತ್ತಿದ್ದೆ. ತಲೆಯ ಮೇಲೆ ಹಸಿ ಹುಲ್ಲಿನ ಹೊರೆ, ಮಳೆಯಲ್ಲಿ ನೆನೆದು ಎರಡು ಪಟ್ಟು ಭಾರವಾದದ್ದು. ನನ್ನ ಹಿಂದೆ ಅತ್ತಿಗೆ ನೀಲವ್ವ, ಅವಳ ತಲೆಯ ಮೇಲೂ ಅಷ್ಟೇ. ಅಣ್ಣ ಗಂಗಾವತಿಯ ಅಕ್ಕಿ ಗಿರಣಿಯಲ್ಲಿ ಕೆಲಸ ಮಾಡುತ್ತಿದ್ದ, ಹದಿನೈದು ದಿನಕ್ಕೊಮ್ಮೆ ಮನೆಗೆ ಬರುತ್ತಿದ್ದ. ಹಾಗಾಗಿ ಮನೆಯಲ್ಲಿ ಹೊರುವ ತಲೆಗಳು ನಮ್ಮವೇ. ಹೊರೆ ಇಳಿಸಿ ನೋಡಿದರೆ ಕಾಕಾ.

‘ಮುಂಜಾನಿಂದ ಏನೇನ್ ಮಾಡಿದಿ?’ ಎಂದರು. ಪೊಲೀಸರು ಕೇಳುವ ಹಾಗಿತ್ತು.

ಸಿಟ್ಟು ಇನ್ನೂ ಇಳಿದಿರಲಿಲ್ಲವಾದ್ದರಿಂದ ನಾನೂ ಠೀವಿಯಿಂದಲೇ ಹೇಳಿದೆ. ‘ಏನೂ ಮಾಡಿಲ್ಲ. ಮನ್ಯಾಗ ಅದೀನಿ. ನೀರು ತಂದಿವಿ. ಸಗಣಿ ಬಳದು ತಿಪ್ಪಿಗೆ ಹಾಕಿದಿವಿ. ವಾರದ ಅರಿವಿ ಒಗಕೊಂಡು ಬಂದಿವಿ. ಹೆಸರು ಹೊಲದಾಗ ಕಸ ತಗದಿವಿ. ಇವತ್ತ ಬಂಡಿ ಹೂಡಂಗಿಲ್ಲಲ್ಲ, ಹುಲ್ಲು ಹೊತ್ತು ತಂದಿವಿ. ಇನ್ನೆರಡು ಹೊರಿ ಅದಾವು. ಓಡಿಲ್ಲ. ನೋಡ್ರಿ ಬೇಕಾದ್ರ.’

ಹೇಳುತ್ತಾ ಹೋದಂತೆ ನನ್ನ ದನಿಯೇ ಸಣ್ಣದಾಯಿತು. ವಾರದ ಉಳಿದ ದಿನ ನೀರಿನ ಬ್ಯಾರಲ್ಲು, ಮೇವು, ಗೊಬ್ಬರ ಎಲ್ಲ ಬಂಡಿಯಲ್ಲಿ ಹೋಗಿಬರುತ್ತಿತ್ತು. ಸೋಮವಾರ ಎತ್ತು ಕಟ್ಟುವ ಹಾಗಿಲ್ಲ, ಆದರೆ ಎತ್ತು ತಿನ್ನದೇ ಇರುವುದಿಲ್ಲ, ಮನೆಯವರು ನೀರು ಕುಡಿಯದೇ ಇರುವುದಿಲ್ಲ. ಎತ್ತಿನ ಪಾಲಿನದು ಅಂದು ನಮ್ಮ ತಲೆಗೆ ಬರುತ್ತಿತ್ತು. ಹುಟ್ಟಿದಾಗಿನಿಂದ ಹಾಗೇ ನಡೆದುಬಂದದ್ದು. ಅದು ಕೆಲಸ ಎಂದು ಯಾರೂ ಅಂದಿರಲಿಲ್ಲ; ನನಗೂ ಅನಿಸಿರಲಿಲ್ಲ. ಕೆಲಸ ಎಂದರೆ ಯಲಬುರ್ಗಾದಲ್ಲಿ ದೋಣಿ ಜಗ್ಗುವುದು ಎಂದೇ ನಾನು ತಿಳಿದಿದ್ದೆ.

ಕಾಕಾ ಎದ್ದು ನನ್ನ ಹೊರೆಗೆ ಕೈ ಹಾಕಿ ಎತ್ತಲು ನೋಡಿದರು. ಮೊಣಕಾಲತನಕ ಎತ್ತಿ ಇಳಿಸಿದರು. ಆಮೇಲೆ ಮಲಗಿದ್ದ ಎತ್ತುಗಳ ಕಡೆ ನೋಡಿದರು, ನನ್ನ ಕಡೆ ನೋಡಿದರು.

‘ಎತ್ತಿನ ನಸೀಬರ ಛಲೋ ಐತಲ್ಲೋ ಯಪ್ಪಾ,’ ಎಂದರು. ‘ನಾನೂ ಹುಲಿಹೈದರದಾಗ ಹುಟ್ಟಿದಾಂವ. ನಮ್ಮ ಮನ್ಯಾಗೂ ಸೋಮವಾರ ಎತ್ತು ಹೂಡತಿರಲಿಲ್ಲ. ನಮ್ಮವ್ವ ಅಂದು ಏನ್ ಮಾಡತಿದ್ಲು ಅಂತ ಒಂದಿನಾರ ನೋಡಿಲ್ಲ ನೋಡು ನಾ.’

ಅವ್ವ ಚಹಾ ತಂದವಳು ಮಧ್ಯೆ ಬಾಯಿ ಹಾಕಿದಳು. ‘ಅದೇನ್ ಕೆಲಸೇನ್ರೀ? ಮನ್ಯಾಗಿಂದು. ಎಲ್ಲಾರ ಮನ್ಯಾಗೂ ಇರೂದ.’

‘ತಾಯಿ, ಈಕಿ ಸೋಮವಾರ ಹಿಂಗ ಹೊತ್ರ ಆ ನೌಕರಿ ಬರೂದಿಲ್ಲ,’ ಎಂದರು ಕಾಕಾ. ‘ಮೈ ಕೂಡಿಡಾಕ ಆಗವಲ್ದು. ಜಗ್ಗಿದ್ದೆಲ್ಲಾ ಸೋಮವಾರ ಸೋರಿ ಹೊಂಟೈತಿ. ಇನ್ ಮ್ಯಾಲ ಅಂದು ಈಕಿ ಕುಂದರಬೇಕು. ಬರೇ ಕುಂದರಬೇಕು. ನಿಮ್ಮಿಂದ ಆಗತೈತಿ ಅಂದ್ರ ಬುಧವಾರ ಕಳಸ್ರಿ, ಇಲ್ಲಂದ್ರ ಬ್ಯಾಡ.’

ನಾನು ಕುಳಿತರೆ ನನ್ನ ಹೊರೆ ಯಾರ ತಲೆಗೆ ಹೋಗುತ್ತದೆಂದು ಎಲ್ಲರಿಗೂ ಗೊತ್ತಿತ್ತು. ಅವ್ವನಿಗೆ ಸೊಂಟ ನೋವು. ಅಪ್ಪ ತಲೆಯ ಮೇಲೆ ಹುಲ್ಲು ಹೊತ್ತು ಊರೊಳಗೆ ಬರುವುದನ್ನು ಅಪ್ಪನೂ ಯೋಚಿಸಲಿಲ್ಲ, ನಾವೂ ಯೋಚಿಸಲಿಲ್ಲ. ಎಲ್ಲರೂ ನೀಲವ್ವತ್ತಿಗೆಯ ಕಡೆ ನೋಡದೆ ಇರಲು ಪ್ರಯತ್ನಿಸುತ್ತಿದ್ದೆವು. ಅವಳು ಹೊರೆಯ ಕೆಳಗಿಡುವ ಬಟ್ಟೆಯ ಸಿಂಬಿಯನ್ನು ಬಿಚ್ಚಿ, ಝಾಡಿಸಿ, ಮತ್ತೆ ಸುತ್ತಿಕೊಂಡಳು.

‘ನಾ ಹೊರತೀನಿ ತಗೋರಿ,’ ಎಂದಳು. ಆಮೇಲೆ ನನ್ನ ಕಡೆ ತಿರುಗಿ, ‘ಗಿರಿಜಾ, ನಿನ್ನ ನೌಕರಿ ಸಲುವಾಗಿ ಹೊರಾಕತ್ತೀನಿ. ಮರಿಬ್ಯಾಡ ಮತ್ತ. ಬಿದ್ದು ಬಂದಿ ಅಂದ್ರ ನೋಡು’ ಎಂದು ಉಳಿದ ಎರಡು ಹೊರೆ ತರಲು ಒಬ್ಬಳೇ ಹೊರಟಳು.

ಅದನ್ನು ಪ್ರೀತಿಯಿಂದ ಹೇಳಿದಳು ಎಂದು ಬರೆದರೆ ಸುಳ್ಳಾದೀತು. ಅವಳಿಗೆ ಸಿಟ್ಟು ಬಂದಿತ್ತು, ಬರಬೇಕಾದ್ದೇ. ನಂತರದ ಸೋಮವಾರಗಳಲ್ಲಿ ಅವಳು ಕೊಡ ಇಳಿಸುವ ಸದ್ದು ಮೂರು ಮನೆಗೆ ಕೇಳುತ್ತಿತ್ತು.

ಆ ಮಳೆಗಾಲದಲ್ಲಿ ನಾನು ಮಾಡಿದ ಅತಿ ಕಠಿಣ ತಾಲೀಮು ಯಾವುದೆಂದು ಕೇಳಿದರೆ, ಕುಳಿತದ್ದು ಎನ್ನುತ್ತೇನೆ. ಪಡಸಾಲೆಯಲ್ಲಿ ಹಗ್ಗದ ಹೊರಸಿನ ಮೇಲೆ ಕಾಲು ಚಾಚಿ ಕುಳಿತಿರಬೇಕು. ಎದುರಿಗೇ ಅತ್ತಿಗೆ ಬೆವರೊರೆಸಿಕೊಂಡು ಹೋಗಿಬರುತ್ತಿರಬೇಕು. ಅವಳ ಪುಟ್ಟ ಮಗಳನ್ನಾದರೂ ನೋಡಿಕೊಳ್ಳುತ್ತೇನೆಂದು ತೊಡೆಯ ಮೇಲೆ ಹಾಕಿಕೊಳ್ಳುತ್ತಿದ್ದೆ. ಅತ್ತಿಗೆ ಹಾದುಹೋದಾಗಲೆಲ್ಲ ಏಳಲು ಹೋಗುತ್ತಿದ್ದೆ. ‘ಕುಂದ್ರು!’ ಎಂದು ಗದರುತ್ತಿದ್ದಳು. ಓಣಿಯ ಹೆಂಗಸರಿಗೂ ಸುದ್ದಿ ಮುಟ್ಟಿತ್ತು. ‘ಏನವಾ ಗಿರಿಜಾ, ಎತ್ತಿನ ಜೋಡಿ ನಿನ್ನೂ ಕಟ್ಯಾರೇನು? ಇಭೂತಿ ಹಚ್ಯಾರೋ ಇಲ್ಲೋ?’ ಎಂದು ಕೇಳಿ ಹೋಗುತ್ತಿದ್ದರು. ನಾಚಿಕೆಯಿಂದ ಕಿವಿ ಬಿಸಿಯಾಗುತ್ತಿತ್ತು. ಆದರೂ ಕೂತೆ.

ಎರಡನೆಯ ಮಂಗಳವಾರಕ್ಕೆ ನಾಡಿ ಇಳಿಯಿತು. ಮೂರನೆಯದಕ್ಕೆ ಇನ್ನೂ ಇಳಿಯಿತು. ಕಾಕಾ ಅಂದು ಸರಪಳಿಗೆ ಎಣ್ಣೆ ಬಿಡುತ್ತಾ ಹಳೇ ಸಿನಿಮಾ ಹಾಡೊಂದನ್ನು ಗುನುಗಿದರು. ಅಂದು ನಾನು ಜೋರಿನಲ್ಲಿ ಜಗ್ಗಿದಾಗ ಫ್ಯಾನು ಹೊಸ ದನಿಯಲ್ಲಿ ಕೂಗಿತು. ಹಗುರದ ನಿಮಿಷದಲ್ಲಿ ಉಸಿರು ಹೇಳಿದ ಹಾಗೆ ಕೆಳಗಿಳಿಯತೊಡಗಿತು; ಮುಂದಿನ ಜೋರು ಬರುವ ಮೊದಲೇ ಮೈ ಸಿದ್ಧವಾಗಿ ಕಾಯುತ್ತಿತ್ತು. ಎಷ್ಟು ಖುಷಿಯಾಯಿತೆಂದರೆ ಬಸ್ಸಿನಲ್ಲಿ ಒಬ್ಬಳೇ ನಗುತ್ತಾ ಬಂದೆ.

ಹೆಸರುಕಾಯಿ ಬಿಡಿಸುವ ಹೊತ್ತಿಗೆ ಡಾಕ್ಟರು ಮತ್ತೊಮ್ಮೆ ಎಕ್ಸರೇ ನೋಡಿ, ಮೆಲ್ಲಗೆ ಓಡಬಹುದು ಎಂದರು. ಅಣ್ಣ ಗಂಗಾವತಿಯಿಂದ ಸರಿಯಾದ ಬೂಟು ತಂದುಕೊಟ್ಟ. ಕಾಕಾ ಗದ್ದಲ ಮಾಡದೆ ಓಟವನ್ನು ಚೂರು ಚೂರೇ ಬೆರೆಸಿದರು: ನಾಲ್ಕು ದಿನ ದೋಣಿ, ಎರಡು ದಿನ ಮಣ್ಣಿನ ಮೈದಾನದ ಮೇಲೆ ಓಟ, ಸೋಮವಾರ ಹೊರಸು. ಕಾಲು ನೋಯಲಿಲ್ಲ. ಆದರೆ ರಾತ್ರಿ ಕನಸಿನಲ್ಲಿ ನಾನು ಬೀಳುತ್ತಿದ್ದೆ, ನೀಲವ್ವತ್ತಿಗೆ ಹೊರೆ ಹೊತ್ತುಕೊಂಡು ನಿಂತು ನೋಡುತ್ತಿದ್ದಳು. ಮೊದಲು ನೌಕರಿ ನನ್ನ ಆಸೆಯಾಗಿತ್ತು. ಈಗ ಅದರ ಭಾರವನ್ನು ಇನ್ನೊಬ್ಬಳು ಹೊರುತ್ತಿದ್ದಳು. ಅದು ನನ್ನನ್ನು ಹೆದರಿಸಿತು.

ಓಟದ ಪರೀಕ್ಷೆ ದಸರೆ ಕಳೆದ ಮೇಲೆ, ನಮ್ಮ ಜಿಲ್ಲೆಯ ಆಚೆ, ದೂರದ ಒಂದು ಮೈದಾನದಲ್ಲಿ. ಅಪ್ಪನ ಜೊತೆ ಹೋದೆ. ಸೀಟಿ ಊದಿದ ಕೂಡಲೆ ಹುಡುಗಿಯರೆಲ್ಲ ಬಾಣ ಬಿಟ್ಟ ಹಾಗೆ ಹೋದರು. ನನಗೂ ಹೋಗಬೇಕೆನಿಸಿತು, ಆದರೆ ಹಗುರ ಎಂದರೆ ಹಗುರ ಎಂದು ಹಲ್ಲು ಕಚ್ಚಿ ಹಿಂದೆಯೇ ಉಳಿದೆ. ಮೊದಲ ಸುತ್ತು ಮುಗಿದಾಗ ನನ್ನ ಹಿಂದೆ ಮೂರೋ ನಾಲ್ಕೋ ಜನ. ಬೇಲಿಯಾಚೆ ಅಪ್ಪನ ಮುಖ ಬಿಳಿಚಿಕೊಂಡಿತ್ತು. ಎರಡನೆಯ ಸುತ್ತಿನಲ್ಲಿ ಮುಂದಿನವರು ನಿಧಾನವಾಗತೊಡಗಿದರು. ಮೂರನೆಯದರಲ್ಲಿ ಕಾಕಾ ಹೇಳಿದ ಜಾಗ ಬಂತು, ದಮ್ಮು ಕೈಕೊಡುವ ಜಾಗ. ಎದೆ ಉರಿಯಿತು. ಆದರೆ ಕೈಕೊಡಲಿಲ್ಲ. ಕೊನೆಯ ಸುತ್ತನ್ನು ಜೋರಿನ ಎರಡು ನಿಮಿಷವೆಂದು ತಿಳಿದು ಓಡಿದೆ. ಗೆರೆ ದಾಟಿ ಮಣ್ಣಿನಲ್ಲಿ ಬಿದ್ದವಳನ್ನು ಒಬ್ಬ ಅಧಿಕಾರಿ ಎಬ್ಬಿಸಿ, ತೋಳು ಹಿಡಿದು ಪಾಸಾದವರ ಸಾಲಿನಲ್ಲಿ ನಿಲ್ಲಿಸಿದರು. ಅಪ್ಪ ಬೇಲಿಗೆ ಹಣೆ ಹಚ್ಚಿ ನಿಂತಿದ್ದ, ಭುಜ ಅಲುಗುತ್ತಿತ್ತು.

ಕಾಕಾಗೆ ಪೇಢೆ ತೆಗೆದುಕೊಂಡು ಹೋದರೆ ಒಂದೇ ಒಂದು ತಿಂದು, ‘ಇನ್ನ ದೋಣಿ ಇಳಿ, ಬ್ಯಾರೇದವ್ರು ಹತ್ತಲಿ’ ಎಂದು ಮುಖ ತಿರುಗಿಸಿಕೊಂಡು ಕೂತರು. ಆಮೇಲೆ ದೇಹ ತಪಾಸಣೆ, ಕಾಗದಪತ್ರ ಎಲ್ಲ ಮುಗಿದು ತರಬೇತಿಗೆ ಹೊರಡುವ ಆದೇಶ ಬಂತು.

ಹೊರಡುವ ಮುಂಚಿನ ಸೋಮವಾರ ನಾನು ಎಲ್ಲರಿಗಿಂತ ಮೊದಲೆದ್ದೆ. ನೀರು ತಂದೆ, ಸಗಣಿ ಬಳಿದೆ. ಅತ್ತಿಗೆ ಎದ್ದು ಬಂದು ಸಿಂಬಿಗೆ ಕೈ ಹಾಕಿದಾಗ ಅದನ್ನು ಕಸಿದುಕೊಂಡೆ.

‘ಇವತ್ತ ನೀ ಕುಂದ್ರು ಅತ್ತಿಗಿ.’

‘ಹುಚ್ಚೇನು ನಿನಗ? ಎಷ್ಟ್ ಕೆಲಸ ಐತಿ.’

‘ಕುಂದ್ರು ಅಂದ್ರ ಕುಂದ್ರು. ನಾ ಅದೀನಿ.’

ಅವಳ ಎರಡೂ ಭುಜ ಹಿಡಿದು ಹೊರಸಿನ ಮೇಲೆ ಕೂರಿಸಿದೆ. ಅವಳು ನಕ್ಕಳು, ಏಳಲು ಹೋದಳು, ಮತ್ತೆ ಕೂರಿಸಿದೆ. ಅವಳ ಮಗಳು ಅಜ್ಜನ ಜೊತೆ ಅಂಗಳದಲ್ಲಿದ್ದಳು. ಅತ್ತಿಗೆ ಸೆರಗು ಸರಿಮಾಡಿಕೊಂಡಳು. ಬಳೆ ಹಿಂದೆ ಮುಂದೆ ಸರಿಸಿದಳು. ಕೈಗಳನ್ನು ತೊಡೆಯ ಮೇಲಿಟ್ಟು, ಅಲ್ಲಿಂದ ತೆಗೆದು ಹೊರಸಿನ ಮೇಲಿಟ್ಟು, ಮತ್ತೆ ಎದೆಗೆ ಕಟ್ಟಿಕೊಂಡಳು. ಆಮೇಲೆ ನನ್ನನ್ನು ನೋಡಿ ನಿಜವಾಗಿಯೇ ಕೇಳಿದಳು:

‘ಗಿರಿಜಾ, ಸುಮ್ನ ಕುಂತಾಗ ಕೈ ಎಲ್ಲಿ ಇಟಗೋಬೇಕವಾ?’

ಅವಳು ನಮ್ಮ ಮನೆಗೆ ಬಂದು ಆಗ ಆರು ವರ್ಷವಾಗಿತ್ತು. ನಾನು ಸಿಂಬಿ ಹಿಡಿದು ಹುಲ್ಲು ತರಲು ಹೊಲಕ್ಕೆ ಹೊರಟೆ.

ಮೊದಲ ಹೊರೆ ಇಳಿಸಿ ಒಳಗೆ ಬಂದಾಗ ಅವಳು ಕುಳಿತಲ್ಲೇ ಗೋಡೆಗೆ ಒರಗಿ ನಿದ್ದೆ ಹೋಗಿದ್ದಳು, ಬಾಯಿ ತೆರೆದುಕೊಂಡು, ಕೈಗಳು ಎರಡೂ ಕಡೆ ಜೋತು ಬಿದ್ದು. ಅಡುಗೆಮನೆಯಲ್ಲಿ ಅವ್ವ ರೊಟ್ಟಿ ಬಡಿಯುತ್ತಿದ್ದಳು. ನನ್ನನ್ನು ಕಂಡು ಎದ್ದು ಬಾಗಿಲಿಗೆ ಬಂದಳು. ಸೊಸೆಯನ್ನು ನೋಡಿದಳು. ಎಬ್ಬಿಸಬೇಕೆ ಎಂದು ಕಣ್ಣಲ್ಲೇ ಕೇಳಿದಳು.

‘ಬ್ಯಾಡವ್ವಾ, ಮಲಗಲಿ’ ಎಂದೆ.

ಅವ್ವ ಒಳಗೆ ಹೋಗಿ, ರೊಟ್ಟಿ ಬಡಿಯುವ ಸದ್ದಿಗೆ ಎಚ್ಚರವಾದೀತೆಂದು ಹಿಟ್ಟಿನ ಮೇಲೆ ತಟ್ಟೆ ಮುಚ್ಚಿ, ಒಲೆಯ ಕಟ್ಟಿಗೆ ಹಿಂದಕ್ಕೆಳೆದು, ಅಲ್ಲೇ ನೆಲದ ಮೇಲೆ ತಾನೂ ಸುಮ್ಮನೆ ಕುಳಿತಳು.